ಕೆಂಪು ಮುಚ್ಚಳ, ಹಳದಿ ಮುಚ್ಚಳ

ಸುಗ್ರಾಬಿಯ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದಿದ್ದೇನೆ. ಬರೆಯುವುದು ಕಷ್ಟವೆಂದಲ್ಲ. ಜೀವಮಾನವೆಲ್ಲ ಮಕ್ಕಳ ಕೈ ತಿದ್ದಿದವಳಿಗೆ ನಾಲ್ಕು ಹಾಳೆ ಬರೆಯುವುದೇನು ಮಹಾ. ಆದರೆ ಈ ಸಂಗತಿಯಲ್ಲಿ ಯಾರದು ತಪ್ಪು, ಯಾರದು ಸರಿ ಎಂಬುದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ತಿಳಿಯದ್ದನ್ನು ಬರೆಯಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಇರಲಿ, ನೋಡಿದ್ದನ್ನಷ್ಟು ಬರೆಯುತ್ತೇನೆ.

ಬೆಳ್ಳಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ನಾನು ಅಕ್ಕೋರಾಗಿ ಬಂದಾಗ ಬಾಡಿಗೆಗೆ ಸಿಕ್ಕ ಮನೆಯ ಎದುರಿಗೇ ಸುಗ್ರಾಬಿಯ ಮನೆ. ಅಮೃತವ್ವ ಎಂಬ ನನ್ನ ಹೆಸರನ್ನು ಆ ಊರಿನಲ್ಲಿ ಯಾರೂ ಬಳಸಿದ್ದಿಲ್ಲ. ಎಲ್ಲರಿಗೂ ನಾನು ಅಕ್ಕೋರು, ಅವಳಿಗೂ ಅಷ್ಟೇ. ಅವಳು ಬಳೆಗಾರ್ತಿ. ಗಂಡ ತೀರಿಕೊಂಡ ಮೇಲೆ ಅವನ ಬಳೆಯ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡು ಬೆಳ್ಳಟ್ಟಿ, ಸುತ್ತಲಿನ ಹಳ್ಳಿ, ಶಿರಹಟ್ಟಿಯ ಓಣಿಗಳನ್ನೆಲ್ಲ ತಿರುಗುತ್ತಿದ್ದಳು. ಸರಕು ತರಲು ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದಳು. ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಎಂಥ ಒರಟು ಕೈಗೂ ಬಳೆ ಒಡೆಯದಂತೆ ಏರಿಸುತ್ತಿದ್ದಳು. ಏರಿಸುತ್ತಲೇ ಆ ಮನೆಯ ಸುದ್ದಿಯನ್ನೆಲ್ಲ ಇಳಿಸಿಕೊಳ್ಳುತ್ತಿದ್ದಳು. ತನಗೆ ತಿಳಿಯದ್ದು ಈ ಊರಲ್ಲಿ ಏನೂ ಇಲ್ಲ ಎಂಬುದು ಅವಳ ನಂಬಿಕೆ. ಅದರಲ್ಲಿ ಅರ್ಧ ಸುಳ್ಳು ಎಂದು ನಾನು ಅವಳ ಮುಖಕ್ಕೇ ಹೇಳುತ್ತಿದ್ದೆ. ಉಳಿದರ್ಧ ಸಾಕು ಎಂದು ಅವಳು ನಗುತ್ತಿದ್ದಳು.

ಅವಳ ಮಗ ಮಾಶಾಕ ಲಕ್ಷ್ಮೇಶ್ವರದ ದಲಾಲಿ ಅಂಗಡಿಯೊಂದರಲ್ಲಿ ಕಾಳಿನ ಚೀಲ ಹೊಲಿಯುತ್ತಿದ್ದ. ಸೊಸೆ ಬಾನುಬಿ ತೆಳ್ಳಗಿನ, ಮೆತ್ತನೆ ಮಾತಿನ ಹುಡುಗಿ. ಬಂದ ಮೇಲೆ ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡಿದ್ದಳು. ಮೂರನೆಯ ಸಲ ದಿನ ನಿಂತಾಗ ಸುಗ್ರಾಬಿ ಯಾರಿಗೂ ಹೇಳಲಿಲ್ಲ, ನನಗೂ ಸಹ. ಊರ ಸುದ್ದಿಯನ್ನೆಲ್ಲ ಹಂಚುವ ಬಾಯಿ ತನ್ನ ಮನೆಯ ಸುದ್ದಿಗೆ ಹೊಲಿದುಕೊಂಡಿತು. ನಾನೇ ಗುರುತು ಹಿಡಿದು ಕೇಳಿದಾಗ, ಈ ಸಲ ಉಳಿಯದಿದ್ದರೆ ಹುಡುಗಿಯೇ ಉಳಿಯುವುದಿಲ್ಲ ಎಂದು ಕಣ್ಣು ಒರೆಸಿಕೊಂಡಳು. ಆಗಿನಿಂದ ಅವಳಿಗೆ ಲೋಕದಲ್ಲಿ ಇದ್ದದ್ದು ಅದೊಂದೇ ಚಿಂತೆ.

ಅವಳ ಹಿತ್ತಲಿಗೆ ಹತ್ತಿದ ಮನೆ ಹನಮಂತವ್ವನದು. ಒಕ್ಕಲುತನದ ಮನೆ. ಆಕೆಯ ಸೊಸೆ ನೀಲಗಂಗವ್ವ ಮುಂಡರಗಿ ಕಡೆಯ ಹಳ್ಳಿಯಿಂದ ಬಂದವಳು. ಆಕೆಗೂ ಅದೇ ಸಮಯಕ್ಕೆ ಚೊಚ್ಚಲ ಬಸಿರು. ಎರಡು ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಬಾನುಬಿಯೂ ನೀಲಗಂಗವ್ವನೂ ಆ ಗೋಡೆಗೆ ಆತುಕೊಂಡು ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರು. ಬಸುರಿ ಹೆಂಗಸು ಆಸೆಪಟ್ಟು ನೋಡಿದ್ದನ್ನು ಅವಳಿಗೆ ಕೊಡದೆ ತಿಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಅಲ್ಲಿಯ ಮಾತು. ಇಬ್ಬರು ಬಸುರಿಯರು ಮಗ್ಗುಲಲ್ಲೇ ಇದ್ದರಂತೂ ಮುಗಿಯಿತು. ಈ ಕಡೆಯ ಹುಣಸೆ ತೊಕ್ಕು ಆ ಕಡೆ, ಆ ಕಡೆಯ ಹುರಿಗಡಲೆ ಈ ಕಡೆ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ದೊಡ್ಡ ಊರಿನ ವೈದ್ಯಕೀಯ ಕಾಲೇಜಿನಿಂದ ಡಾಕ್ಟರುಗಳು ಬಂದರು. ಡಾಕ್ಟರು ಎನ್ನಬೇಕೋ ವಿದ್ಯಾರ್ಥಿಗಳು ಎನ್ನಬೇಕೋ, ಇಲ್ಲಿಂದಲೇ ನನ್ನ ಗೊಂದಲ ಶುರು. ಅವರಲ್ಲಿ ದೊಡ್ಡವನು ಗಾಳೆಪ್ಪ, ಹರ್ತಿಯ ಒಕ್ಕಲಿಗರ ಮಗ. ಡಾಕ್ಟರ ಓದು ಮುಗಿದಿತ್ತು, ಮತ್ತೆ ಮೇಲಿನ ಪರೀಕ್ಷೆಗೆ ಓದುತ್ತಿದ್ದ. ಅದಕ್ಕೆ ಒಂದು ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕಂತೆ. ಅವನ ಜೊತೆಗೆ ಇನ್ನೂ ಮೀಸೆ ಬಲಿಯದ ಕೆಲವು ಹುಡುಗರು, ಉದ್ದ ಜಡೆಯ ಒಬ್ಬ ಹುಡುಗಿ. ಇವರೆಲ್ಲರ ಮೇಲೆ ಒಬ್ಬ ಗುರು. ಹುಡುಗರು ಅವರನ್ನು ದೊಡ್ಡ ಸರ್ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಭಾನುವಾರ ಶಾಲೆಯ ಕೋಣೆ ಕೇಳಿದರು. ಕೊಟ್ಟೆ. ಕೀಲಿಕೈ ನನ್ನ ಬಳಿ ಇದ್ದುದರಿಂದ ನಾನೂ ಮೂಲೆಯಲ್ಲಿ ಕೂತು ಕೇಳುತ್ತಿದ್ದೆ.

ಕೇಳಿ ನನ್ನ ತಲೆ ಗಿರ್ರೆಂದಿತು. ನಾನು ಮಕ್ಕಳಿಗೆ ಉತ್ತರ ಕಲಿಸುವವಳು, ಅವರು ಪ್ರಶ್ನೆ ಕೇಳುವುದನ್ನು ಕಲಿಯುತ್ತಿದ್ದರು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬೇಡಿ ಎಂದು ದೊಡ್ಡ ಸರ್ ಮತ್ತೆ ಮತ್ತೆ ಹೇಳುತ್ತಿದ್ದರು. ಗುಳಿಗೆ ತಿಂದ ಮೇಲೆ ಆರಾಮ ಆಯಿತಲ್ಲ ಎಂದು ಕೇಳಿದರೆ ನಮ್ಮ ಹೆಂಗಸರು ಮರ್ಯಾದೆಗಾದರೂ ಹೌದು ಎನ್ನುತ್ತಾರೆ. ಹೇಗಿದ್ದೀರಿ ಎಂದು ಕೇಳಿ ಸುಮ್ಮನಾಗಬೇಕು. ಮಕ್ಕಳೆಷ್ಟು ಎಂದರೆ ಇದ್ದವರನ್ನಷ್ಟೇ ಎಣಿಸುತ್ತಾರೆ. ಹೋದವರನ್ನೂ ಕೇಳಬೇಕು, ಕೇಳುವಾಗ ಪುಸ್ತಕದ ಕಡೆ ನೋಡಬಾರದು, ಅವರ ಮುಖ ನೋಡಬೇಕು. ಆ ಹುಡುಗರಲ್ಲಿ ಒಬ್ಬ ಮೊದಲ ದಿನ ಹನಮಂತವ್ವನಿಗೆ ಹೋದ ಮಕ್ಕಳ ಸುದ್ದಿ ಕೇಳಿ ತಾನೇ ಅತ್ತು ಹೊರಗೆ ಬಂದ. ದೊಡ್ಡ ಸರ್ ಬೈಯಲಿಲ್ಲ. ಅಳುವವನು ಕೇಳಲು ಕಲಿಯುತ್ತಾನೆ ಎಂದರು. ಆ ಮಾತು ನನಗೆ ಹಿಡಿಸಿತು.

ಹಿಡಿಸದ್ದು ಮುಂದಿನದು. ಬಸುರಿಯರಿಗೆ ರಕ್ತ ಕಡಿಮೆ. ಅದಕ್ಕೆ ಸರಕಾರ ಕೊಡುವ ಕಬ್ಬಿಣದ ಗುಳಿಗೆ ಇದ್ದೇ ಇದೆ. ಆ ಗುಳಿಗೆಯ ಜೊತೆಗೆ ಇನ್ನೊಂದು ಸತ್ವ ಸೇರಿಸಿದರೆ ರಕ್ತ ಬೇಗ ಏರುತ್ತದೋ ಇಲ್ಲವೋ ಎಂಬುದು ಇವರ ಪ್ರಶ್ನೆ. ಹೀಗಾಗಿ ಎರಡು ಬಗೆಯ ಡಬ್ಬಿ ಬಂದವು, ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಳದಿ. ಒಳಗಿನ ಗುಳಿಗೆ ನೋಡಲು ಒಂದೇ ಥರ. ಯಾವುದರಲ್ಲಿ ಹೆಚ್ಚಿನ ಸತ್ವ ಇದೆ ಎಂಬುದು ಕಾಲೇಜಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಅವರು ಊರಿಗೆ ಬರುವವರಲ್ಲ. ದೊಡ್ಡ ಸರ್‌ಗೂ ಗೊತ್ತಿಲ್ಲ, ಗಾಳೆಪ್ಪನಿಗೂ ಗೊತ್ತಿಲ್ಲ. ಗೊತ್ತಿದ್ದರೆ ನಮ್ಮ ಆಸೆಯೇ ನಮ್ಮ ಕಣ್ಣು ಕೆಡಿಸುತ್ತದೆ, ಒಳ್ಳೆಯ ಡಬ್ಬಿಯವಳ ಮುಖ ಕೆಂಪಗೆ ಕಾಣತೊಡಗುತ್ತದೆ ಎಂದು ಅವರು ಹೇಳಿದರು. ಯಾರಿಗೆ ಯಾವ ಡಬ್ಬಿ ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡಿದರು.

ಬಾನುಬಿಗೆ ಕೆಂಪು ಬಂತು, ನೀಲಗಂಗವ್ವನಿಗೆ ಹಳದಿ.

ಸುಗ್ರಾಬಿಯನ್ನು ಗಾಳೆಪ್ಪನೇ ಹುಡುಕಿ ಹಿಡಿದಿದ್ದ. ಹುಡುಗರನ್ನು ಮನೆಮನೆಗೆ ಕರೆದುಕೊಂಡು ಹೋಗಲು ಒಬ್ಬ ಹೆಂಗಸು ಬೇಕಿತ್ತು; ಬಳೆಗಾರ್ತಿಗಿಂತ ಇನ್ನಾರು. ಅವಳಿಗೆ ಆ ಕೆಲಸದ ಹೆಮ್ಮೆ ಹೇಳತೀರದು. ಮಲಾರವನ್ನು ಒಂದು ಹೆಗಲಿಗೆ, ಗುಳಿಗೆಯ ಚೀಲವನ್ನು ಇನ್ನೊಂದಕ್ಕೆ ಹಾಕಿಕೊಂಡು ಎಮ್ಮೆಯ ಹಿಂದೆ ಕರು ಬಂದಂತೆ ಆ ಹುಡುಗರನ್ನು ಹಿಂದೆ ಬಿಟ್ಟುಕೊಂಡು ನಡೆಯುತ್ತಿದ್ದಳು. ಆದರೆ ಒಂದು ಮಾತು ಅವಳ ತಲೆಗೆ ಹತ್ತಲಿಲ್ಲ. ಒಂದು ದಿನ ನನ್ನ ಕಟ್ಟೆಯ ಮೇಲೆ ಗಾಳೆಪ್ಪನನ್ನು ಕೂಡಿಸಿ ಕೇಳಿಯೇ ಬಿಟ್ಟಳು.

"ಡಾಕ್ಟರ, ನಮ್ಮ ಬಾನುಗ ಕೊಟ್ಟೀರಲ್ಲ, ಅದು ಚಲೋದೋ ಕೆಟ್ಟದ್ದೋ?"

"ಎರಡೂ ಚಲೋವ ಬೇ ಯವ್ವಾ. ಯಾವದು ಹೆಚ್ಚು ಚಲೋ ಅನ್ನೂದು ಗೊತ್ತಿಲ್ಲ."

"ನಿಮಗ ಗೊತ್ತಿಲ್ಲ?"

"ನನಗೂ ಗೊತ್ತಿಲ್ಲ, ದುನಿಯಾದಾಗ ಯಾರಿಗೂ ಗೊತ್ತಿಲ್ಲ. ಗೊತ್ತಾಗಲಿ ಅಂತನ ಇಷ್ಟೆಲ್ಲಾ ಮಾಡಾಕ ಹತ್ತೇವಿ."

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, ಡಾಕ್ಟರು ಸುಳ್ಳು ಹೇಳುತ್ತಿದ್ದಾನೆ ಎಂದಳು. ಏನು ಕೊಡುತ್ತಿದ್ದೇನೆಂದು ತಿಳಿಯದೆ ಯಾರಾದರೂ ಕೊಡುತ್ತಾರೆಯೇ? ತಾನು ಬಳೆ ಮಾರುವಾಗ ಯಾವುದು ಗಟ್ಟಿ ಯಾವುದು ಪುಸಕ ಎಂದು ತನಗೆ ಗೊತ್ತಿರುವುದಿಲ್ಲವೇ? ಹೇಳುವುದು ಬಿಡುವುದು ಬೇರೆ ಮಾತು. ನಾನು ದೊಡ್ಡ ಸರ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅನುಮಾನ ಹತ್ತಿತು. ಅವಳಿಗೆ ಹೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಅವಳ ಅನುಮಾನಕ್ಕೆ ಗಂಟು ಬಿದ್ದದ್ದು ಸಂಗಪ್ಪನ ಮನೆಯಲ್ಲಿ. ಊರಿನ ದೊಡ್ಡ ಜಮೀನುದಾರರು ಅವರು. ಅವರ ಸೊಸೆಯೂ ಬಸುರಿ, ಅವಳ ಪಾಲಿಗೆ ಚೀಟಿಯಲ್ಲಿ ಹಳದಿ ಬಂದಿತ್ತು. ಸುಗ್ರಾಬಿ ಅದನ್ನು ಕಂಡಳು, ತನ್ನ ಲೆಕ್ಕ ಹಾಕಿದಳು. ದೊಡ್ಡವರ ಮನೆಗೆ ಚೀಟಿ ಎತ್ತಿ ಕೊಡುತ್ತಾರೆ ಎಂದರೆ ಯಾವ ಹುಚ್ಚ ನಂಬುತ್ತಾನೆ? ಆ ಮನೆಗೆ ಗೋದಿ ಹೋದರೂ ಆರಿಸಿದ್ದೇ ಹೋಗುತ್ತದೆ, ಮೀನು ಮಾರುವವಳೂ ಅವರ ಬಾಗಿಲು ದಾಟುವಾಗ ಬುಟ್ಟಿ ಮುಚ್ಚಿಕೊಳ್ಳುತ್ತಾಳೆ. ಹಳದಿ ಅಲ್ಲಿಗೆ ಹೋಯಿತು ಎಂದರೆ ಹಳದಿಯೇ ಚಲೋದು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ನಮ್ಮ ಊರಿನಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಹಾಗೆಯೇ ಯೋಚಿಸುತ್ತಿದ್ದರು. ನಾನೂ ಒಂದು ಕ್ಷಣ ಹಾಗೆಯೇ ಯೋಚಿಸಿದೆ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಮುಂದೆ ಆದದ್ದು ನನಗೆ ಆಗ ತಿಳಿದಿರಲಿಲ್ಲ, ಬಹಳ ದಿನದ ಮೇಲೆ ತಿಳಿಯಿತು. ಆದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಓದುವವರನ್ನು ಆಟ ಆಡಿಸುವುದು ನನ್ನಿಂದಾಗದು. ಶ್ರಾವಣದಲ್ಲಿ ಮಳೆ ಹಿಡಿದು ಹಳ್ಳ ಬಂದು ಬಸ್ಸು ತಪ್ಪತೊಡಗಿದಾಗ ಗಾಳೆಪ್ಪ ನಮ್ಮ ಓಣಿಯ ಡಬ್ಬಿಗಳನ್ನು ಮುಂಚೆಯೇ ತಂದು ಸುಗ್ರಾಬಿಯ ಕೈಗೆ ಕೊಟ್ಟು ಹೋಗುತ್ತಿದ್ದ. ಆ ಬಣ್ಣದವು ಆ ಮನೆಗೇ ಹೋಗಬೇಕು ಎಂದು ನಾಲ್ಕು ಸಲ ಹೇಳಿ ಹೋಗುತ್ತಿದ್ದ. ಅವಳು ಬಣ್ಣ ತಪ್ಪಿಸಲಿಲ್ಲ. ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ಎರಡು ಡಬ್ಬಿಯ ಮುಚ್ಚಳ ತೆಗೆದು, ಹಳದಿಯದನ್ನು ಕೆಂಪಿಗೆ, ಕೆಂಪಿನದನ್ನು ಹಳದಿಗೆ ಸುರಿದಳು. ಕೆಂಪು ಮುಚ್ಚಳದ್ದು ಬಾನುಬಿಗೆ ಕೊಟ್ಟಳು, ಹಳದಿ ಮುಚ್ಚಳದ್ದು ನೀಲಗಂಗವ್ವನಿಗೆ. ನೋಡುವ ಕಣ್ಣಿಗೆ ಎಲ್ಲ ಸರಿ ಇತ್ತು. ಹೀಗೆ ಪ್ರತಿ ಸಲವೂ ಮಾಡಿದಳು.

ನೀಲಗಂಗವ್ವನಿಗೆ ಕೇಡು ಬಗೆದು ಮಾಡಿದ್ದಲ್ಲ. ಆ ಹುಡುಗಿ ಗಟ್ಟಿಮುಟ್ಟಾಗಿದೆ, ಮನೆಯಲ್ಲಿ ಹೈನ ಇದೆ, ಅವಳಿಗೆ ಯಾವ ಗುಳಿಗೆಯಾದರೂ ನಡೆದೀತು. ತನ್ನ ಮನೆಯದು ಬಡಕಲು ಜೀವ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಏಳನೆಯ ತಿಂಗಳಲ್ಲಿ ಹನಮಂತವ್ವ ಸೊಸೆಯ ಕುಬಸ ಮಾಡಿದಳು. ಬಸುರಿಗೆ ಹಸಿರು ಬಳೆ ಇಡಿಸಲು ಸುಗ್ರಾಬಿಯೇ ಹೋಗಬೇಕು. ನಾನೂ ಊಟಕ್ಕೆ ಹೋಗಿದ್ದೆ. ಎಂದೂ ಒಂದು ಬಳೆ ಒಡೆಯದ ಅವಳ ಕೈಯಲ್ಲಿ ಅಂದು ಮೂರೋ ನಾಲ್ಕೋ ಚೂರಾದವು. ಕೈ ಬೆವರಿದೆ ಎಂದಳು. ಹನಮಂತವ್ವನಿಗೆ ಅದು ಅಪಶಕುನವಾಗಿ ಕಂಡಿತು. ನನಗೆ ಆಗ ಏನೂ ಅನಿಸಲಿಲ್ಲ. ಹೋಳಿಗೆ ಚೆನ್ನಾಗಿ ಆಗಿತ್ತು.

ಚೊಚ್ಚಲ ಹೆರಿಗೆಗೆ ನೀಲಗಂಗವ್ವ ತವರಿಗೆ ಹೋದಳು. ಬಾನುಬಿಗೆ ತಾಯಿ ಇರಲಿಲ್ಲ, ಅವಳದು ಇಲ್ಲಿಯೇ. ಬಾನುಬಿಗೆ ಹೆಣ್ಣು ಕೂಸು ಹುಟ್ಟಿತು. ಹುಟ್ಟುತ್ತಲೇ ಓಣಿ ಎದ್ದು ಕೂಡುವಂತೆ ಚೀರಿತು. ಸುಗ್ರಾಬಿ ಆ ದಿನ ಸಕ್ಕರೆಗೆ ಫಾತಿಹಾ ಓದಿಸಿ ಊರಿಗೆಲ್ಲ ಹಂಚಿದಳು. ನನ್ನ ಕೈಗೆ ಹಾಕುವಾಗ ಅತ್ತಳು, ನಕ್ಕಳು, ಎರಡೂ ಕೂಡಿಯೇ ಬಂದವು. ಒಂದೆರಡು ವಾರ ಕಳೆದಿರಬೇಕು, ಮುಂಡರಗಿ ಕಡೆಯಿಂದ ಖಬರು ಬಂತು. ನೀಲಗಂಗವ್ವ ಗಂಡು ಹಡೆದಿದ್ದಳು. ಕೂಸು ಅಳಲೇ ಇಲ್ಲ.

ಹನಮಂತವ್ವನ ಮನೆಯಿಂದ ಅಳು ಕೇಳಿದಾಗ ಓಣಿಯ ಹೆಂಗಸರೆಲ್ಲ ಅತ್ತ ಓಡಿದೆವು. ಸುಗ್ರಾಬಿ ಬರಲಿಲ್ಲ. ಬಾಣಂತಿ ಇರುವ ಮನೆ, ಅದಕ್ಕೇ ಬಂದಿಲ್ಲ ಎಂದುಕೊಂಡೆವು.

ಆಮೇಲೆ ಅವಳು ಬರುವುದನ್ನೇ ಬಿಟ್ಟಳು. ಮಲಾರವನ್ನು ಗೂಟಕ್ಕೆ ನೇತು ಹಾಕಿದಳು. ಮೊಮ್ಮಗಳನ್ನು ಎತ್ತಿಕೋ ಎಂದರೂ ಎತ್ತಿಕೊಳ್ಳುತ್ತಿರಲಿಲ್ಲ. ಕೂಸು ಅತ್ತಾಗ ಹಿತ್ತಲಿನ ಗೋಡೆಯ ಕಡೆ ನೋಡಿ, ಸುಮ್ಮನಿರಿಸು ಎಂದು ಬಾನುಬಿಗೆ ಗದರುತ್ತಿದ್ದಳು. ಬಾಣಂತಿ ಸೊಸೆಯ ಮೇಲೆ ಸಿಟ್ಟೋ, ಹೆಣ್ಣು ಹುಟ್ಟಿತೆಂಬ ಬೇಸರವೋ ಎಂದು ಓಣಿಯವರು ತಮಗೆ ತೋಚಿದ್ದು ಆಡಿಕೊಂಡರು. ಕೆಲವು ತಿಂಗಳ ಮೇಲೆ ನೀಲಗಂಗವ್ವ ಬರಿಗೈಲಿ ಗಂಡನ ಮನೆಗೆ ಬಂದಳು. ಸೊಸೆಗೆ ಬಳೆ ಇಡಿಸು ಬಾ ಎಂದು ಹನಮಂತವ್ವ ಎರಡು ಸಲ ಹೇಳಿ ಕಳಿಸಿದರೂ ಸುಗ್ರಾಬಿ ಹೋಗಲಿಲ್ಲ. ಆಗ ನನಗೆ ತಡೆಯಲಾಗಲಿಲ್ಲ. ಶಾಲೆ ಬಿಟ್ಟವಳು ನೇರ ಅವಳ ಒಲೆಯ ಮುಂದೆ ಹೋಗಿ ಕೂತೆ. ಕರೆದರೂ ಹೋಗದಿರಲು ಆ ಹುಡುಗಿ ನಿನಗೇನು ಮಾಡಿದ್ದಾಳೆ ಎಂದು ಜೋರು ಮಾಡಿದೆ.

"ಆಕಿ ಏನೂ ಮಾಡಿಲ್ಲ ಅಕ್ಕೋರ. ಆಕಿ ಕೂಸಿನ ಪಾಲಿನ ಗುಳಿಗಿ ನಾ ಕದ್ದು ನನ್ನ ಕೂಸಿಗಿ ತಿನಿಸೀನಿ."

ಆಮೇಲೆ ಎಲ್ಲ ಹೇಳಿದಳು. ಕೇಳುತ್ತ ನನಗೆ ಸಿಟ್ಟು ಬಂತು, ಮರುಕ ಬಂತು, ಮತ್ತೆ ಸಿಟ್ಟು ಬಂತು. ನೀನೇನು ವಿಷ ಕೊಟ್ಟಿಲ್ಲವಲ್ಲ, ಅದೂ ಔಷಧಿಯೇ ಅಲ್ಲವೇ ಎಂದೆ. ಅಂದೆನೇ ಹೊರತು ನನಗೇ ಗಟ್ಟಿ ಇರಲಿಲ್ಲ. ಹಳದಿಯ ಸತ್ವ ನೀಲಗಂಗವ್ವನಿಗೆ ಸಿಕ್ಕಿದ್ದರೆ ಆ ಕೂಸು ಉಳಿಯುತ್ತಿತ್ತೇ? ಉಳಿಯುತ್ತಿರಲಿಲ್ಲವೇ? ಬಾನುಬಿಯ ಕೂಸು ಉಳಿದದ್ದು ಅದರಿಂದಲೇ? ಯಾರನ್ನು ಕೇಳುವುದು? ಕೊನೆಗೆ, ಗಾಳೆಪ್ಪನನ್ನೇ ಕೇಳೋಣ, ಗೊತ್ತು ಮಾಡಿಕೊಳ್ಳುವುದೇ ಅವನ ಓದಲ್ಲವೇ ಎಂದೆ. ಅವಳು ಆ ಮಾತಿಗೆ ಜೋತು ಬಿದ್ದಳು. ಅವನು ಬರುವ ತನಕ ಅವಳು ಹೇಗೆ ದಿನ ದೂಡಿದಳೋ ದೇವರೇ ಬಲ್ಲ.

ಗಾಳೆಪ್ಪ ಬಂದದ್ದು ಮರು ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ, ಒಬ್ಬನೇ. ಕಾಲೇಜಿನಲ್ಲಿ ಡಬ್ಬಿಯ ಗುಟ್ಟು ಒಡೆದಾಗಿತ್ತು. ಸಹಾಯ ಮಾಡಿದವರಿಗೆಲ್ಲ ಹೇಳಿ ಹೋಗಲು ಬಂದಿದ್ದ. ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಸುಗ್ರಾಬಿಯನ್ನು ಕರೆದೆ. ಬಂದವಳು ಕುಳಿತುಕೊಳ್ಳಲಿಲ್ಲ. ಹಳದಿಯಲ್ಲಿ ಏನಿತ್ತು ಎಂದು ನಿಂತೇ ಕೇಳಿದಳು. ಹೆಚ್ಚಿನ ಸತ್ವ ಹಳದಿಯಲ್ಲೇ ಇತ್ತು ಎಂದು ಅವನು ಹೇಳಿದಾಗ ಅವಳ ಮುಖ ಸುಣ್ಣ ಬಳಿದಂತಾಯಿತು. ಅವನು ಅದನ್ನು ಗಮನಿಸದೆ ಮುಂದುವರಿಸಿದ. ಆದರೆ ಅದರಿಂದ ಏನೂ ಹೆಚ್ಚಿನ ಲಾಭ ಕಾಣಲಿಲ್ಲ. ಕೆಂಪು ತಿಂದವರ ರಕ್ತವೂ ಅಷ್ಟೇ ಏರಿದೆ, ಹಳದಿ ತಿಂದವರದೂ ಅಷ್ಟೇ ಏರಿದೆ. ಎರಡಕ್ಕೂ ಹೇಳಿಕೊಳ್ಳುವಂಥ ಫರಕು ಇಲ್ಲ.

ಸುಗ್ರಾಬಿ ಅಲ್ಲೇ ಕುಸಿದು ಕೂತು ದೇವರ ಹೆಸರು ಹೇಳಿ ಜೋರಾಗಿ ಅತ್ತಳು. ನನ್ನ ಎದೆಯ ಮೇಲಿನ ಬಂಡೆಯೂ ಇಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಹಗುರಾದ ಜೀವಕ್ಕೆ ಬಾಯಿ ಬಿಗಿ ಇರುವುದಿಲ್ಲ. ಅತ್ತು ಮುಗಿಸಿ, ತಾನು ಮಾಡಿದ್ದನ್ನೆಲ್ಲ ಅವನ ಮುಂದೆ ಒಪ್ಪಿಸಿದಳು.

ಗಾಳೆಪ್ಪ ಚಹಾದ ಬಟ್ಟಲು ಕೆಳಗಿಟ್ಟ. ಪಾಪ, ಅವನ ಪರೀಕ್ಷೆಯೂ ಆ ಪ್ರಬಂಧದ ಮೇಲೇ ನಿಂತಿತ್ತು. ಅವನು ಅದರ ಮಾತು ಎತ್ತಲಿಲ್ಲ, ನಾನೇ ಎತ್ತುತ್ತಿದ್ದೇನೆ. ಇನ್ನೂ ಯಾರಾದರೂ ಹೀಗೆ ಮಾಡಿದ್ದಾರೆಯೇ ಎಂದು ಮೆಲ್ಲಗೆ ಕೇಳಿದ. ತನಗೆ ಗೊತ್ತಿಲ್ಲ ಎಂದಳು. ಜೀವನದಲ್ಲಿ ಅವಳು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯವ್ವಾ, ನಿನ್ನಂಗ ಮಂದಿ ಅದ್ನ ಇದ್ನ ಬದಲಿ ಮಾಡಿ ತಿಂದಿದ್ರ ಎರಡಕ್ಕೂ ಫರಕು ಹ್ಯಾಂಗ ಕಾಣತೈತಿ? ಫರಕು ಇಲ್ಲ ಅಂತ ಈಗ ಹೇಳಿದ್ನಲ್ಲ, ಅದನ್ನ ನಾ ವಾಪಸ್ ತಗೋಬೇಕಾಗತೈತಿ."

"ಹಂಗಾರ ಆಕಿ ಕೂಸು ನನ್ನ ಸಲುವಾಗಿ ಹೋತೇನು?"

"ಹೌದಂತ ಹೇಳಾಕ ಬರಂಗಿಲ್ಲ. ಅಲ್ಲಂತನೂ ಹೇಳಾಕ ಬರಂಗಿಲ್ಲ."

ನನಗೆ ರೇಗಿ ಹೋಯಿತು. ಈ ಹುಡುಗನಿಗೆ ಒಂದು ಸುಳ್ಳು ಹೇಳಲು ಬಾರದೇ? ಒಂದು ಗಳಿಗೆಯ ಹಿಂದೆ ಅವನ ಬಾಯಿಂದ ಬಂದ ಮಾತೇ ಅಲ್ಲವೇ, ಅದನ್ನೇ ಇನ್ನೊಮ್ಮೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹಾಗೆಂದು ಬೈದೇ ಬಿಟ್ಟೆ. ಅವನು ತಲೆ ಎತ್ತಲಿಲ್ಲ.

"ಸುಳ್ಳು ಹೇಳಾಕ ನನಗೂ ಬರತೈತ್ರಿ ಅಕ್ಕೋರ. ಆದ್ರ ಆಮ್ಯಾಲೆ ಈಕಿ ಖರೆ ಕೇಳಬೇಕಂದ್ರ ಯಾರ ಹಂತೇಕ ಹೋಗಬೇಕು?"

ಸುಗ್ರಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಎದ್ದವಳು ತನ್ನ ಮನೆಗೆ ಹೋಗಲಿಲ್ಲ, ಓಣಿ ತಿರುಗಿ ಹನಮಂತವ್ವನ ಮನೆಯ ಕಡೆ ನಡೆದಳು. ಬೇಡ ನಿಲ್ಲು ಎಂದೆ. ಕಾರಣವಿಲ್ಲದೆ ಆ ಹುಡುಗಿಯ ಗಾಯ ಕೆದರಬೇಡ ಎಂದೆ. ಅವಳು ನಿಲ್ಲಲಿಲ್ಲ. ನಾನೂ ಗಾಳೆಪ್ಪನೂ ಹಿಂದೆ ಹೋದೆವು.

ಹನಮಂತವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ನೀಲಗಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಡಾಕ್ಟರನ್ನು ಕಂಡು ಅತ್ತೆ ಸೊಸೆ ಇಬ್ಬರೂ ಎದ್ದರು, ಕುಂಡ್ರಿ ಎಂದರು. ಸುಗ್ರಾಬಿ ಹೊಸ್ತಿಲ ಒಳಗೆ ನೆಲದ ಮೇಲೆ ಕೂತು ಒಂದೇ ಉಸಿರಿಗೆ ಹೇಳಿದಳು. ಡಬ್ಬಿ ಹೇಗೆ ತೆರೆದೆ, ಹೇಗೆ ಸುರಿದೆ, ಯಾಕೆ ಸುರಿದೆ, ಯಾವುದನ್ನೂ ಮುಚ್ಚಿಡಲಿಲ್ಲ. ಹನಮಂತವ್ವನ ಕೈಯಲ್ಲಿನ ಬತ್ತಿ ಅಲ್ಲೇ ನಿಂತಿತು. ನೀಲಗಂಗವ್ವನ ಮುಖ ಮೊದಲು ಕೆಂಪಾಯಿತು. ಮೊರವನ್ನು ಎಲ್ಲಿ ಎಸೆಯುತ್ತಾಳೋ ಎಂದು ನಾನು ಹೆದರಿದೆ. ಆಮೇಲೆ ಆ ಕೆಂಪು ಮೆಲ್ಲಗೆ ಇಳಿಯಿತು. ಏನೋ ನೆನಪು ಮಾಡಿಕೊಳ್ಳುವವಳ ಹಾಗೆ ಹಿತ್ತಲ ಬಾಗಿಲ ಕಡೆ ನೋಡಿದಳು. ಅತ್ತೆಯ ಕಡೆ ಒಮ್ಮೆ ನೋಡಿದಳು, ಹೇಳಬೇಕೋ ಬೇಡವೋ ಎಂಬಂತೆ.

"ನೀ ಬದಲಿ ಮಾಡಿದ್ರೇನು ಬಿಟ್ರೇನು ಚಿಗವ್ವಾ. ಮೊದಲನೇ ಡಬ್ಬಿಯಿಂದನ ನಾನೂ ಬಾನೂ ಎರಡೂ ಕೂಡಿಸಿ ಹಂಚಿಕೊಂಡು ತಿಂದೀವಿ."

ಗಾಳೆಪ್ಪ ಎದ್ದು ಹಿತ್ತಲಿಗೆ ಹೋಗಿ ಗೋಡೆಯ ಆಚೆ ಇದ್ದ ಬಾನುಬಿಯನ್ನು ಕೇಳಿದ. ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿದ, ಉತ್ತರ ಬಾಯಿಗೆ ಇಡಲಿಲ್ಲ. ಕಲಿತದ್ದನ್ನು ಅಂಥ ಹೊತ್ತಿನಲ್ಲೂ ಬಿಡಲಿಲ್ಲ ಪುಣ್ಯಾತ್ಮ. ಅವಳೂ ಅದನ್ನೇ ಹೇಳಿದಳು. ಮಧ್ಯಾಹ್ನ ಅತ್ತೆಯಂದಿರು ಮಲಗಿದಾಗ ಎರಡೂ ಡಬ್ಬಿಯನ್ನು ಒಂದು ತಾಟಿಗೆ ಸುರಿದು, ಇದು ನಿನಗೆ ಇದು ನನಗೆ ಎಂದು ಪಾಲು ಮಾಡಿ ಮತ್ತೆ ತುಂಬಿ ಇಡುತ್ತಿದ್ದರಂತೆ. ಒಬ್ಬಳು ತಿನ್ನುವುದನ್ನು ಇನ್ನೊಬ್ಬಳು ನೋಡಿ ಕೂಸಿಗೆ ಏನಾದರೂ ಆದರೆ ಎಂಬ ಹೆದರಿಕೆ. ಓಣಿಯಲ್ಲಿ ಉಳಿದವರೂ ಹಾಗೆಯೇ ಮಾಡುತ್ತಿದ್ದರೆಂದು ಹೇಳಿದಳು. ಯಾರೂ ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದಳು.

ಇಬ್ಬರ ಹೊಟ್ಟೆಗೂ ಹೋದದ್ದು ಒಂದೇ ಎಂದಾಯಿತು. ಸುಗ್ರಾಬಿ ಕದ್ದದ್ದು ಏನೂ ಇರಲಿಲ್ಲ. ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಅವಳು ಗರ ಬಡಿದವಳ ಹಾಗೆ ನೀಲಗಂಗವ್ವನನ್ನೇ ನೋಡುತ್ತಿದ್ದಳು. ನೀಲಗಂಗವ್ವ ಮೊರದೊಳಗಿನ ಜೋಳದಲ್ಲಿ ಬೆರಳು ಆಡಿಸುತ್ತ ಗಾಳೆಪ್ಪನನ್ನು ಕೇಳಿದಳು.

"ಅದ ಗುಳಿಗಿ ತಿಂದು ಬಾನುಂದು ಉಳೀತು. ನಂದ್ಯಾಕ ಹೋತ್ರಿ?"

ಗಾಳೆಪ್ಪ ಅವಳ ಮುಖ ನೋಡಿಯೇ ಹೇಳಿದ. "ಗೊತ್ತಿಲ್ಲವ್ವ."

ಅವಳು ತಲೆ ಆಡಿಸಿದಳು. ಒಳಗಿನ ಕೋಣೆಯಲ್ಲಿ ಯಾರೋ ಇದ್ದಾರೆಂಬಂತೆ ಒಮ್ಮೆ ಅತ್ತ ನೋಡಿದಳು. ಕಣ್ಣಲ್ಲಿ ನೀರು ಇರಲಿಲ್ಲ, ಅದನ್ನೇ ನನಗೆ ನೋಡಲಾಗಲಿಲ್ಲ.

"ಈಕಿ ಹೇಳಿದಾಗ ಸಿಟ್ಟರ ಬಂದಿತ್ರಿ. ಇದಕ್ಕ ಹೋತು ನನ್ನ ಕೂಸು ಅಂತ ಒಂದು ಕಾರಣ ಸಿಕ್ಕಿತ್ತು. ಈಗ ನಾ ಯಾರ ಮ್ಯಾಲೆ ಹಾಕಲಿ?"

ಹನಮಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸುಗ್ರಾಬಿ ಕೂತಲ್ಲಿಂದಲೇ ಸರಿದು ಅವಳ ಹತ್ತಿರ ಹೋದಳು.

"ನನ್ನ ಮ್ಯಾಲೇ ಇರಲಿ ಬಿಡವ್ವ," ಎಂದಳು. "ಮೊದಲಿನಂಗ ನನ್ನ ಮ್ಯಾಲೇ ಇರಲಿ."

ನೀಲಗಂಗವ್ವ ಅವಳನ್ನು ನೋಡಿದಳು. ಮೊದಲು ಮೆಲ್ಲಗೆ, ಆಮೇಲೆ ಓಣಿಗೆ ಕೇಳುವಂತೆ, ಬಾಯಿಗೆ ಬಂದದ್ದೆಲ್ಲ ಬೈಯತೊಡಗಿದಳು. ಕಳ್ಳಿ ಎಂದಳು, ಕೂಸು ತಿಂದವಳು ಎಂದಳು, ಇನ್ನೂ ಏನೇನೋ ಎಂದಳು. ಅನ್ನುತ್ತ ಅನ್ನುತ್ತ ಅವಳಿಗೆ ಅಳು ಬಂತು, ತವರಿನಿಂದ ಬಂದ ಮೇಲೆ ಮೊದಲ ಸಲ. ಸುಗ್ರಾಬಿ ತಲೆ ತಗ್ಗಿಸಿ, ಒಂದು ಮಾತೂ ಎದುರಾಡದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಳು. ನಾವು ಯಾರೂ ತಡೆಯಲಿಲ್ಲ.